ಮರಿಯ ಸಕ್ಕರೆ ಇಳಿಯುತ್ತಿದ್ದ ಚಳಿಗಾಲ

ಮರಿ ನಮ್ಮ ಮನೆಗೆ ಬಂದದ್ದು ನನ್ನ ಗಂಡನ ಕೋಟಿನ ಜೇಬಿನಲ್ಲಿ. ಆಗ ನಾವು ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಫ್ಲ್ಯಾಟಿನಲ್ಲಿದ್ದೆವು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಡಿಸೆಂಬರಿನ ಒಂದು ಭಾನುವಾರ, ಊಟದ ಹೊತ್ತಾಗುತ್ತ ಬಂದರೂ ಮಂಜು ಬಿಟ್ಟಿರಲಿಲ್ಲ. ಗಂಡನೂ ಮಗಳೂ ಪೇಪರಿನಲ್ಲಿ ಜಾಹೀರಾತು ನೋಡಿಕೊಂಡು ಇಂದಿರಾಪುರಂಗೆ ಹೋಗಿದ್ದರು. ಅಲ್ಲಿ ಯಾರೋ ತಮ್ಮ ಫ್ಲ್ಯಾಟಿನಲ್ಲೇ ಚಿವಾವಾ ಜಾತಿಯ ನಾಯಿಗಳಿಂದ ಮರಿ ಹಾಕಿಸಿ ಮಾರುತ್ತಿದ್ದರು. ಜಾಹೀರಾತಿನಲ್ಲಿ ಅದಕ್ಕೆ 'ಟೀಕಪ್' ಎಂಬ ಹೆಸರು. ಚಹಾದ ಕಪ್ಪಿನಲ್ಲಿ ಕೂರುವಷ್ಟು ಪುಟ್ಟದು ಎಂದರ್ಥ.

ಗಂಡ ಜೇಬಿನಿಂದ ತೆಗೆದು ಅದನ್ನು ನನ್ನ ಅಂಗೈಯಲ್ಲಿಟ್ಟರು. ಕಂದು ಬಣ್ಣ, ತಲೆಯೇ ದೊಡ್ಡದು, ಕಡ್ಡಿಯಂಥ ಕಾಲು. ಎಲೆ ಹಿಡಿದುಕೊಂಡಷ್ಟೂ ಭಾರವಿಲ್ಲ. ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು.

ಮಾವನವರು ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದೇನೋ ಇದು, ನಾಯಿಯೋ ಸುಂಡಿಲಿಯೋ?"

"ತಾತಾ!" ಎಂದು ಮಗಳು ಸಿಟ್ಟಾದಳು. "ಇದು ವರ್ಲ್ಡ್‌ನಲ್ಲೇ ಸಬ್‌ಸೇ ಛೋಟಾ ನಾಯಿ."

ಮಾರಿದವನು ಮರಿಗೆ ಎರಡು ತಿಂಗಳು ತುಂಬಿದೆ ಎಂದಿದ್ದನಂತೆ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ನೆನೆಸಿದ ತಿಂಡಿ ಸಾಕು, ಹೆಚ್ಚು ಹಾಕಿದರೆ ದೊಡ್ಡದಾಗಿ ಬೆಳೆದು ಅಂದ ಕೆಡುತ್ತದೆ ಎಂದೂ ಹೇಳಿ ಕಳಿಸಿದ್ದ. ನನಗೆ ಮೈಯುರಿಯಿತು. ಕೂಸಿನ ಹೊಟ್ಟೆ ಕಟ್ಟಿ ಕುಳ್ಳಾಗಿಡುವುದೆಂದರೇನು? ನಾನು ಅವನ ಮಾತು ಕೇಳಲಿಲ್ಲ. ಹಾಲು, ನೆನೆಸಿದ ಬಿಸ್ಕತ್ತು, ಮಿದ್ದ ಅನ್ನ ಎಲ್ಲವನ್ನೂ ಅದರ ಮುಂದಿಟ್ಟೆ. ಅದೇ ತಿನ್ನುತ್ತಿರಲಿಲ್ಲ. ಒಂದೆರಡು ಸಲ ನೆಕ್ಕಿ ಮುಖ ತಿರುಗಿಸುತ್ತಿತ್ತು. ಹೊಸ ಜಾಗ, ಒಗ್ಗಿಕೊಳ್ಳಲಿ ಎಂದು ಸುಮ್ಮನಾದೆವು. ಹೆಸರಿನ ವಿಷಯದಲ್ಲಿ ಮಗಳು ದಿನಕ್ಕೊಂದು ಹೇಳುತ್ತಿದ್ದಳು, ಯಾವುದೂ ನಿಲ್ಲಲಿಲ್ಲ. ಮಾವ ಕರೆದ ಹಾಗೆ ಎಲ್ಲರಿಗೂ ಅದು ಬರೀ 'ಮರಿ' ಆಯಿತು.

ಮಾವನವರ ಬಗ್ಗೆ ಸ್ವಲ್ಪ ಹೇಳಬೇಕು. ತುಮಕೂರಿನ ಕಡೆಯವರು, ಕೆಲಸವೆಲ್ಲ ದಿಲ್ಲಿಯ ಮಂತ್ರಾಲಯದಲ್ಲೇ. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ, ಮಗನನ್ನು ಅಲ್ಲೇ ಬೆಳೆಸಿ, ನಿವೃತ್ತರಾದ ಮೇಲೆ ನಮ್ಮ ಜೊತೆಗೇ ಬಂದರು. ಅತ್ತೆ ತೀರಿಹೋಗಿ ಬಹಳ ಕಾಲವಾಗಿತ್ತು. ಅವರಿಗೆ ಹಳೆಯ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸಂಜೆ ತಾವೇ ಹೊಟ್ಟೆಯ ಚರ್ಮ ಹಿಡಿದೆತ್ತಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಸೂಜಿ ಚುಚ್ಚಿಕೊಂಡಾದ ಮೇಲೆ ಊಟ ತಡವಾದರೆ ಅವರ ಸಕ್ಕರೆ ತಳ ಮುಟ್ಟುತ್ತಿತ್ತು. ಆಗ ಬೆವರುವುದು, ಕೈ ನಡುಗುವುದು, ಮಾತು ತಡವರಿಸುವುದು. ಅದಕ್ಕೆಂದೇ ಸ್ವೆಟರಿನ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವೊಂದು ಸದಾ ಇರುತ್ತಿತ್ತು.

ಮರಿ ಬಂದು ಇನ್ನೂ ವಾರವಾಗಿರಲಿಲ್ಲ. ನಾನು ಉಪ್ಪಿಟ್ಟು ಕೆದಕುತ್ತಿದ್ದೆ. ಸ್ಕೂಲಿನ ಯೂನಿಫಾರಂ ಹಾಕಿಕೊಂಡ ಮಗಳು ಹಜಾರದಿಂದ ಕೂಗಿದಳು.

"ಅಮ್ಮಾ, ದೇಖೋ ನಾ! ಮರಿ ಡಾನ್ಸ್ ಮಾಡ್ತಿದೆ!"

ನಾನು ಸೌಟು ಹಿಡಿದೇ ಬಂದೆ. ಮರಿ ಕುಡಿದವರಂತೆ ಅತ್ತ ಎರಡು ಹೆಜ್ಜೆ ಇತ್ತ ಎರಡು ಹೆಜ್ಜೆ ಇಟ್ಟು ಹಿಂಗಾಲು ಸೊಟ್ಟಗಾಗಿ ಕೂತುಬಿಟ್ಟಿತು. ಮತ್ತೆ ಎದ್ದಿತು, ಮಗ್ಗುಲಾಗಿ ಬಿತ್ತು. ಕಣ್ಣು ತೆರೆದೇ ಇದ್ದರೂ ನೋಟ ಇರಲಿಲ್ಲ. ನಾಲ್ಕು ಕಾಲೂ ಗಾಳಿಯಲ್ಲಿ ಈಜುವಂತೆ ಆಡತೊಡಗಿದವು.

ಚಳಿಗೆ ಹೀಗಾಗಿದೆ ಅಂದುಕೊಂಡು ನಾನು ಹೀಟರ್ ಹಾಕಲು ಓಡಿದೆ. ಮಾವನವರು ಕುರ್ಚಿಯಿಂದ ಎದ್ದರು. "ಡಾನ್ಸ್ ಅಲ್ಲ ಮಗೂ ಅದು. ಎತ್ತಿ ಇಲ್ಲಿ ಕೊಡು."

ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ತುಟಿ ಮೇಲೆತ್ತಿ ನೋಡಿದರು. ಒಸಡು ಬಿಳಿಚಿಕೊಂಡಿತ್ತು. "ಇದಕ್ಕೆ ಶುಗರ್ ಇಳಿದಿದೆ ಕಣಮ್ಮಾ."

"ನಾಯಿಗೂ ಶುಗರ್ರಾ, ಮಾವ?"

"ರಕ್ತ ಇರೋ ಪ್ರಾಣಿಗೆಲ್ಲ ಇರುತ್ತೆ. ಇದು ನಡುಗೋದು ನೋಡು. ನನಗೆ ಗೊತ್ತಿಲ್ಲದ ನಡುಕವಾ ಇದು?"

ಪೊಟ್ಟಣ ಬಿಚ್ಚಿ, ಬೆರಳು ಒದ್ದೆ ಮಾಡಿ, ಪುಡಿ ಹತ್ತಿಸಿಕೊಂಡು ಮರಿಯ ಒಸಡಿಗೂ ತುಟಿಯ ಒಳಗೂ ತಿಕ್ಕಿದರು. ನಾನು ನೀರಿನಲ್ಲಿ ಕಲಸಿ ಬಾಯಿಗೆ ಹಾಕಲೇ ಎಂದಾಗ ತಲೆಯಾಡಿಸಿದರು. "ಹುಯ್ಯಬೇಡ. ಎಚ್ಚರ ಇಲ್ಲದೆ ಇದ್ದಾಗ ನುಂಗೋಕಾಗಲ್ಲ, ಶ್ವಾಸಕ್ಕೆ ಹೋಗುತ್ತೆ. ನಿಮ್ಮತ್ತೆ ಒಂದು ಸಲ ಗಾಬರಿಯಲ್ಲಿ ನನಗೆ ಹಾಗೇ ಹುಯ್ದು ಕೊಲ್ಲೋದೊಂದು ಬಾಕಿ ಇತ್ತು."

ಮತ್ತೆ ಮತ್ತೆ ತಿಕ್ಕುತ್ತ, ಶಾಲಿನೊಳಗೆ ಬೆಚ್ಚಗೆ ಒತ್ತಿಕೊಂಡು ಕೂತರು. ಹೊರಗೆ ಸ್ಕೂಲ್ ಬಸ್ಸು ಹಾರ್ನ್ ಹಾಕಿ ಹಾಕಿ ಹೋಗಿಯೇಬಿಟ್ಟಿತು. ಆಮೇಲೆ ಮರಿಯ ಕಾಲು ಆಡುವುದು ನಿಂತಿತು. ಕಣ್ಣು ತಿರುಗಿ ಮಾವನ ಮುಖದ ಮೇಲೆ ನೆಟ್ಟಿತು. ಪುಟ್ಟ ನಾಲಿಗೆ ಹೊರಬಂದು ಬೆರಳು ನೆಕ್ಕಿತು. ಮಗಳು ಜೋರಾಗಿ ಅತ್ತಳು.

ಅಂದೇ ಜಂಗ್‌ಪುರದ ಕಡೆ ಇದ್ದ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ನರೆತ ಕೂದಲಿನ, ಬಿಗುಮಾನವಿಲ್ಲದ ಹೆಂಗಸು. ಮರಿಯ ಬಾಯಿ ತೆರೆದು ಹಲ್ಲು ನೋಡಿದರು. "ಎರಡು ತಿಂಗಳಾ? ಇನ್ನೂ ತಾಯಿಯ ಹಾಲು ಬಿಡೋ ವಯಸ್ಸೂ ಆಗಿಲ್ಲ ಇದಕ್ಕೆ," ಅಂದರು. ಮಾವನವರು ಊಹಿಸಿದ್ದು ಸರಿಯಾಗಿತ್ತು. ಇಷ್ಟು ಸಣ್ಣ ಜಾತಿಯ ಮರಿಗಳ ಮೈಯಲ್ಲಿ ಸಕ್ಕರೆ ಕೂಡಿಡಲು ಜಾಗವೇ ಇರುವುದಿಲ್ಲವಂತೆ. ಕೊಬ್ಬಿಲ್ಲ, ಮಾಂಸಖಂಡವಿಲ್ಲ, ಪಿತ್ತಜನಕಾಂಗ ಇನ್ನೂ ಬಲಿತಿಲ್ಲ. ಒಂದು ಹೊತ್ತು ತಿನ್ನದಿದ್ದರೆ, ಚಳಿ ತಗುಲಿದರೆ, ಮಕ್ಕಳು ಹೆಚ್ಚು ಆಡಿಸಿದರೆ ಸಾಕು, ಇದ್ದದ್ದೂ ಖಾಲಿ.

"ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿಸಿ. ರಾತ್ರಿಯೂ ಹೊಟ್ಟೆ ಖಾಲಿ ಬಿಡಬೇಡಿ. ಬೆಚ್ಚಗಿಡಿ. ಆಟ ಆಡಿಸಿದ ಮೇಲೆ ಮಲಗಿಸಿ. ಮಂಕಾದರೆ, ತೂರಾಡಿದರೆ ಒಸಡಿಗೆ ಜೇನುತುಪ್ಪವೋ ಗ್ಲೂಕೋಸೋ ತಿಕ್ಕಿ ನೇರ ಇಲ್ಲಿಗೆ ಬನ್ನಿ. ಎಚ್ಚರ ಆದ ಕೂಡಲೇ ಹೊಟ್ಟೆಗೆ ಗಟ್ಟಿ ಆಹಾರ ಹೋಗಬೇಕು. ಬರೀ ಸಕ್ಕರೆ ಕೊಟ್ಟರೆ ಏರಿದಷ್ಟೇ ಬೇಗ ಇಳಿಯುತ್ತೆ."

"ಗೊತ್ತು," ಅಂದರು ಮಾವ, ಹಿಂದಿಯಲ್ಲಿ. ಡಾಕ್ಟರು ಅವರನ್ನೊಮ್ಮೆ ನೋಡಿ, "ಅಚ್ಛಾ, ನೀವೂ ಅದೇ ಪಾರ್ಟಿನಾ?" ಎಂದು ನಕ್ಕರು. ನಾಲ್ಕು ತಿಂಗಳು ದಾಟಿದರೆ ಬಹುಪಾಲು ಮರಿಗಳಿಗೆ ಇದು ತಾನಾಗಿ ಬಿಟ್ಟುಹೋಗುತ್ತದೆ, ಅಲ್ಲಿಯವರೆಗೆ ಕಾಯ್ದುಕೊಳ್ಳಿ ಎಂದು ಕಳಿಸಿದರು. ಬೇಯಿಸಿದ ಕೋಳಿ ಕೊಡಿ ಎಂದೂ ಹೇಳಿದರು.

ನಮ್ಮದು ಮೊಟ್ಟೆಯೂ ಒಳಗೆ ಬಾರದ ಅಡುಗೆಮನೆ. ಮನೆಗೆ ಬಂದ ಮೇಲೆ ಮಾವನವರೇ ಹೇಳಿದರು, "ಹಿಂದಿನ ವರಾಂಡದಲ್ಲಿ ಕರೆಂಟ್ ಒಲೆ ಇಡು. ಬೇರೆ ಪಾತ್ರೆ ಇರಲಿ. ಅದರ ಹೊಟ್ಟೆಗೆ ನಮ್ಮ ಮಡಿ ಕಟ್ಕೊಂಡು ಏನಾಗಬೇಕು?" ಗಂಡ ಮಾರ್ಕೆಟ್ಟಿನಿಂದ ಕೋಳಿ ತಂದರು. ಮೂಗಿಗೆ ಸೆರಗು ಹಿಡಿದುಕೊಂಡು ನಾನು ಬೇಯಿಸಿದೆ. ಮರಿ ಮೊದಲ ಸಲ ತಟ್ಟೆ ಖಾಲಿ ಮಾಡಿತು.

ಆ ಜನವರಿಯೆಲ್ಲ ಮನೆ ಮರಿಯ ಹೊಟ್ಟೆಯ ಸುತ್ತಲೇ ತಿರುಗಿತು. ಮಾವನವರ ಮಂಚದ ಪಕ್ಕ ರಟ್ಟಿನ ಪೆಟ್ಟಿಗೆ. ಅದರೊಳಗೆ ಹಳೆಯ ರಜಾಯಿಯ ತುಂಡು, ಟವಲು ಸುತ್ತಿದ ಬಿಸಿನೀರಿನ ಚೀಲ. ಅವರ ಗಡಿಯಾರದ ಅಲಾರಂ ಬಡಿದಾಗಲೆಲ್ಲ ಇಬ್ಬರಿಗೂ ತಿಂಡಿ: ಅವರಿಗೆ ಎರಡು ಬಿಸ್ಕತ್ತು, ಅದಕ್ಕೆ ಒಂದು ಚಮಚ. ಬಿಸಿಲು ಬಿದ್ದ ದಿನ ಎದುರಿನ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು, ಮರಿ ಸ್ವೆಟರಿನೊಳಗೆ, ತಲೆ ಮಾತ್ರ ಹೊರಗೆ. ಅಕ್ಕಪಕ್ಕದ ಬ್ಲಾಕಿನ ಮುದುಕರು "ದಾದಾಜೀಗೆ ಇನ್ನೊಂದು ಮೊಮ್ಮಗು" ಎಂದು ತಮಾಷೆ ಮಾಡುತ್ತಿದ್ದರು.

ಒಂದು ದಿನ ಮಗಳು ಕೇಳಿದಳು, "ತಾತಾ, ಮರಿಗೂ ನಿನಗೂ ಸೇಮ್ ಬಿಮಾರಿನಾ?"

"ಇಲ್ಲ ಪುಟ್ಟಾ. ನನಗೆ ಏರೋದು ಕಾಯಿಲೆ. ಇಳಿಯೋದು ಔಷಧಿ ಹೆಚ್ಚಾಗಿ. ಇದಕ್ಕೆ ಇಳಿಯೋದೇ ಕಾಯಿಲೆ."

"ಫಿರ್ ಭೀ ನಿಮ್ಮಿಬ್ಬರಿಗೂ ಒಂದೇ ಪುಡಿ."

"ಹೌದು, ಒಂದೇ ಪುಡಿ."

ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದೆವು. ಅದನ್ನು ಇವತ್ತಿಗೂ ಹೇಳಬಲ್ಲೆ. ಒಂದು ತುತ್ತು ತಪ್ಪಿಸಲಿಲ್ಲ, ಒಂದು ಸಲ ತಣ್ಣನೆಯ ನೆಲಕ್ಕೆ ಬಿಡಲಿಲ್ಲ. ಆದರೂ ಮರಿ ತೂರಾಡುವುದು ನಿಲ್ಲಲಿಲ್ಲ. ಹೊಟ್ಟೆ ತುಂಬಿದ್ದಾಗಲೂ ಒಮ್ಮೊಮ್ಮೆ ಕುಸಿಯುತ್ತಿತ್ತು. ಮಾವನವರು ತಮ್ಮ ಸಕ್ಕರೆ ನೋಡುವ ಯಂತ್ರದಿಂದಲೇ ಅದರ ಕಿವಿಯ ಅಂಚು ಚುಚ್ಚಿ ಪರೀಕ್ಷೆ ಮಾಡುವುದನ್ನು ಡಾಕ್ಟರಿಂದ ಕಲಿತಿದ್ದರು. ಹಲವು ಸಲ ಪರದೆಯ ಮೇಲೆ ಅಂಕಿಯೇ ಬರುತ್ತಿರಲಿಲ್ಲ. ಅಳೆಯಲಾಗದಷ್ಟು ಕಡಿಮೆ ಎಂದಷ್ಟೇ ತೋರಿಸುತ್ತಿತ್ತು. ಇನ್ನೊಂದು ವಿಚಿತ್ರವೂ ಶುರುವಾಯಿತು. ಕೋಳಿ ತಿಂದು ಸ್ವಲ್ಪ ಹೊತ್ತಾದ ಮೇಲೆ ಮರಿ ಗೋಡೆಯ ಹತ್ತಿರ ಹೋಗಿ ಹಣೆ ಒತ್ತಿಕೊಂಡು ನಿಂತುಬಿಡುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ. ಬೆಳೆಯುತ್ತಲೂ ಇರಲಿಲ್ಲ.

ಪಶುವೈದ್ಯೆ ರಕ್ತ ತೆಗೆದು ಕಳಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ವರದಿ ಬಂದ ದಿನ ಮಾವನೂ ನಾನೂ ಹೋಗಿದ್ದೆವು. ಈ ಸಲ ಅವರು ನಗಲಿಲ್ಲ.

"ಹುಟ್ಟಿನಿಂದಲೇ ಒಂದು ರಕ್ತನಾಳ ದಾರಿ ತಪ್ಪಿದೆ. ಕರುಳಿನಿಂದ ಬರೋ ರಕ್ತ ಲಿವರ್ ಒಳಗೆ ಹೋಗದೆ ಪಕ್ಕದಿಂದ ಹಾದು ಹೋಗ್ತಿದೆ. ಅದಕ್ಕೇ ಲಿವರ್ ಸಕ್ಕರೆ ಕೂಡಿಡಲ್ಲ. ಮಾಂಸ ತಿಂದರೆ ಅದರ ವಿಷ ತಲೆಗೇರುತ್ತೆ. ಕೋಳಿ ನಿಲ್ಲಿಸಿ. ಏನು ಕೊಡ್ತೀರಿ? ನಿಮ್ಮ ಕಡೆ ಮೊಸರನ್ನ ತಿಂತೀರಲ್ಲ, ಅದೇ ಒಳ್ಳೇದು."

ನಾನು ಆಪರೇಷನ್ ಕೇಳಿದೆ. ಇಷ್ಟು ಸಣ್ಣ ಪ್ರಾಣಿಗೆ ಅದನ್ನು ಮಾಡುವವರು ತನಗೆ ತಿಳಿದಂತೆ ಇಲ್ಲಿ ಯಾರೂ ಇಲ್ಲ, ಮಾಡಿದರೂ ಮೇಜಿನ ಮೇಲೇ ಹೋಗಬಹುದು ಅಂದರು. "ಎಷ್ಟು ದಿನ?" ಎಂದು ಮಾವ ಕೇಳಿದಾಗ ಡಾಕ್ಟರು ಮರಿಯ ಗದ್ದ ಕೆರೆದರು. ಮರಿ ಕಣ್ಣು ಮುಚ್ಚಿ ಅವರ ಬೆರಳಿಗೆ ಒರಗಿತು.

ಕರೆಂಟ್ ಒಲೆ ತೊಳೆದು ಎತ್ತಿಟ್ಟೆ. ಮರಿ ಮೊಸರನ್ನ ತಿಂದಿತು, ಪನೀರು ತಿಂದಿತು, ಗೋಡೆಗೆ ಹಣೆ ಒತ್ತುವುದು ಕಡಿಮೆಯಾಯಿತು. ಸಕ್ಕರೆ ಇಳಿಯುವುದು ಮಾತ್ರ ಹಾಗೆಯೇ ಉಳಿಯಿತು. ಈಗ ನಾವು ತಿನ್ನಿಸುತ್ತಿದ್ದದ್ದು ಬೆಳೆಯಲಿ ಎಂದಲ್ಲ, ಇವತ್ತು ಸಂಜೆಯಾಗಲಿ ಎಂದು. ಗಂಡನಿಗೆ ಹೇಳಿದೆ. ಮಗಳಿಗೆ ಹೇಳುವುದು ಬೇಡ ಅಂದರು ಅವರು. ಸಂಜೆ ಆಫೀಸಿನಿಂದ ಬಂದವರು ಶೂ ಬಿಚ್ಚದೆಯೇ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿ, ಉಸಿರಾಟ ಕಂಡ ಮೇಲೆ ಬಟ್ಟೆ ಬದಲಾಯಿಸಲು ಹೋಗುತ್ತಿದ್ದರು.

ಅದೇ ಹೊತ್ತಿಗೆ ಮಾವನವರಿಗೂ ಸಕ್ಕರೆ ಇಳಿಯುವುದು ಹೆಚ್ಚಾಯಿತು. ಎಷ್ಟೋ ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಅದೇ ಇನ್ಸುಲಿನ್, ಅದೇ ಊಟ, ಆದರೂ ಊಟದ ಮಧ್ಯೆಯೇ ಬೆವರುತ್ತಿದ್ದರು. ಸರ್ಕಾರಿ ಡಿಸ್ಪೆನ್ಸರಿಯ ಡಾಕ್ಟರು ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಸೋಲುತ್ತಿದೆ, ಅದಕ್ಕೇ ಇನ್ಸುಲಿನ್ ದೇಹದಿಂದ ಬೇಗ ಹೊರಗೆ ಹೋಗುತ್ತಿಲ್ಲ ಎಂದರು. ಪ್ರಮಾಣ ಇಳಿಸಿದರು. ಮೂತ್ರಪಿಂಡವನ್ನು ಗುಣಪಡಿಸುವಂಥ ಔಷಧಿ ಯಾವುದೂ ಉಳಿದಿರಲಿಲ್ಲ.

ಪಾರ್ಕಿನಲ್ಲಿ ಒಂದು ದಿನ ಅವರ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದೆ. ಕೇಳಬಾರದೆಂದುಕೊಂಡೇ ಕೇಳಿಬಿಟ್ಟೆ, "ಇಳಿದಾಗ ಹೇಗಾಗುತ್ತೆ ಮಾವ? ಮರಿಗೆ ನೋವಾಗುತ್ತಾ?"

ಅವರು ಸ್ವೆಟರಿನೊಳಗಿನ ಮರಿಯ ತಲೆಯನ್ನು ಸವರಿದರು. "ನೋವಿಲ್ಲ. ಮೊದಲು ಕಣ್ಣೆದುರಿನ ಬಣ್ಣ ಹೋಗುತ್ತೆ. ಆಮೇಲೆ ಮಾತು ಹೋಗುತ್ತೆ. ಎದುರಿಗಿರೋರು ನಮ್ಮವರೇ ಅಂತ ಗೊತ್ತು, ಯಾರು ಅಂತ ಹೊಳೆಯಲ್ಲ. ಭಯ ಒಂದೇ ಉಳಿಯುತ್ತೆ. ಏತರ ಭಯ ಅಂತ ಕೇಳಿದರೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಗಟ್ಟಿಯಾಗಿ ಹಿಡ್ಕೊಂಡರೆ ಸ್ವಲ್ಪ ವಾಸಿ." ಆಮೇಲೆ ಅಂದರು, "ನೀನು ಹಿಡ್ಕೋತೀಯಲ್ಲ, ಹಾಗೇ."

ಫೆಬ್ರವರಿಯಲ್ಲಿ ಚಳಿ ಕಡಿಮೆಯಾಯಿತು. ಪಾರ್ಕಿನಲ್ಲಿ ಹೂ ಬಿಟ್ಟವು. ಹವೆ ಬೆಚ್ಚಗಾದರೆ ಮರಿಗೆ ಸುಲಭವಾಗಬಹುದು ಎಂದು ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಅಂಥ ಒಂದು ದಿನ, ಮಗಳು ಸ್ಕೂಲಿನಲ್ಲಿ, ಗಂಡ ಆಫೀಸಿನಲ್ಲಿ ಇದ್ದಾಗ, ಮರಿ ಬೆಳಗಿನಿಂದ ತಿನ್ನಲಿಲ್ಲ. ಮೊಸರನ್ನ ಬಾಯಿಗಿಟ್ಟರೆ ಹಾಗೇ ಹೊರಗೆ ಜಾರಿತು. ನೋಡನೋಡುತ್ತ ಮೈ ಸೆಟೆದುಕೊಂಡಿತು. ಮಾವನವರು ಒಸಡಿಗೆ ಪುಡಿ ತಿಕ್ಕಿದರು, ಮತ್ತೆ ತಿಕ್ಕಿದರು. ಸೆಟೆತ ನಿಂತರೂ ಕಣ್ಣು ತಿರುಗಲಿಲ್ಲ. ಟವಲಿನಲ್ಲಿ ಸುತ್ತಿಕೊಂಡು ಆಟೋ ಹಿಡಿದೆವು. "ಭಯ್ಯಾ, ಜಲ್ದೀ," ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಆಟೋದವನು ಅಡ್ಡದಾರಿ ಹಿಡಿದು ಕರೆದೊಯ್ದ.

ಪಶುವೈದ್ಯೆ ಮುಂಗಾಲಿನ ಕೂದಲು ಬೋಳಿಸಿ, ದಾರದಂಥ ನರಕ್ಕೆ ಸೂಜಿ ಚುಚ್ಚಿ ಗ್ಲೂಕೋಸ್ ಹನಿಸಿದರು. ಮರಿ ಎಚ್ಚೆತ್ತಿತು. ತಲೆ ಎತ್ತಿ ಮಾವನನ್ನು ಹುಡುಕಿತು. ನಾನು ದೇವರಿಗೆ ಕೈಮುಗಿದೆ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಸೆಟೆದುಕೊಂಡಿತು. ಮತ್ತೆ ಹನಿ, ಮತ್ತೆ ಎಚ್ಚರ, ಮತ್ತೆ ಸೆಟೆತ. ಊಟದ ಹೊತ್ತು ಯಾವಾಗ ಮೀರಿತೋ ನನಗೆ ತಿಳಿಯಲಿಲ್ಲ.

ಕೊನೆಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಸಕ್ಕರೆ ಹಾಕ್ತಾ ಇರಬಹುದು. ಆದರೆ ಇದು ಸಕ್ಕರೆ ಮಾತ್ರ ಅಲ್ಲ ಈಗ, ಲಿವರೇ ಕೈಬಿಟ್ಟಿದೆ. ನೀವು ಹೇಳಿದರೆ ನೋವಿಲ್ಲದೆ, ಮತ್ತೆ ಏಳದ ಹಾಗೆ, ಮಲಗಿಸಿಬಿಡ್ತೀನಿ."

ನಾನು ಮಾವನವರ ಕಡೆ ತಿರುಗಿದೆ. ಬೆಂಚಿನ ಮೇಲೆ ಕೂತಿದ್ದರು. ಮುಖ ಬಿಳಿಚಿ, ಹಣೆಯಿಂದ ಬೆವರು ಇಳಿಯುತ್ತಿತ್ತು. "ಮಾವ, ಏನು ಮಾಡೋಣ?" ಎಂದೆ. ಅವರು ನನ್ನನ್ನೇ ನೋಡಿದರು. "ಬಸ್ಸು... ಬಸ್ಸು ಬಂತಾ?" ಅಂದರು. ಬೆಳಿಗ್ಗೆ ಸೂಜಿ ಚುಚ್ಚಿಕೊಂಡವರು ಆಮೇಲೆ ಒಂದು ಬಿಸ್ಕತ್ತೂ ಬಾಯಿಗೆ ಹಾಕಿರಲಿಲ್ಲ. ಜೇಬಿಗೆ ಕೈ ಹಾಕಿದರೆ ಪೊಟ್ಟಣ ಖಾಲಿ. ಇದ್ದದ್ದೆಲ್ಲ ಮರಿಗೇ ಹೋಗಿತ್ತು.

ನಾನು ಕೂಗಿದೆ. ಡಾಕ್ಟರು ಮೇಜು ಬಿಟ್ಟು ಓಡಿಬಂದರು. ಕ್ಲಿನಿಕ್ಕಿನ ಡಬ್ಬದಿಂದ ಗ್ಲೂಕೋಸ್ ಪುಡಿ ತಂದು ಕೊಟ್ಟರು. ಮಾವ ಇನ್ನೂ ನುಂಗುತ್ತಿದ್ದರು, ಅಷ್ಟು ಎಚ್ಚರವಿತ್ತು. ನಾನು ಅವರನ್ನು ತೋಳಿನಲ್ಲಿ ಬಿಗಿಯಾಗಿ ಹಿಡಿದು, ಸ್ವಲ್ಪಸ್ವಲ್ಪವೇ ಪುಡಿಯನ್ನು ಅವರ ನಾಲಿಗೆಗೆ ಹಾಕುತ್ತ ಕೂತೆ. ಆಮೇಲೆ ಸಿಹಿ ಚಹಾ ಬಂತು, ಯಾರೋ ಬ್ರೆಡ್ ತಂದರು. ಬಣ್ಣ ಮೆಲ್ಲಗೆ ಅವರ ಮುಖಕ್ಕೆ ಮರಳಿತು.

"ಮರಿ ತಿಂತಾ?" ಎಂದು ಕೇಳಿದರು.

ಡಾಕ್ಟರು ಮೇಜಿನ ಹತ್ತಿರ ಹಿಂತಿರುಗಿ ಹೋಗಿದ್ದರು. ಕಿವಿಯಿಂದ ಸ್ಟೆತೊಸ್ಕೋಪ್ ತೆಗೆದು ಕೊರಳಿಗೆ ಹಾಕಿಕೊಂಡರು. ನಾವು ಯಾರೂ ಏನನ್ನೂ ನಿರ್ಧರಿಸಬೇಕಾಗಿ ಬರಲಿಲ್ಲ. ಎಲ್ಲರೂ ಬೆಂಚಿನ ಕಡೆ ಇದ್ದ ಆ ಹೊತ್ತಿನಲ್ಲಿ ಅದು ಒಂಟಿಯಾಗಿ ಹೋಗಿತ್ತು. ಯಾರಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗಿದ್ದ ಹೊತ್ತು ಅದು. ನನಗೆ ಇದ್ದದ್ದು ಎರಡೇ ತೋಳು.

ಮಾವನವರು ಅಳಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಟವಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ನನ್ನಿಂದ ತಡವಾಯ್ತು," ಅಂದರು. ಇಲ್ಲ ಮಾವ ಎಂದೆ. ಅವರು ನಂಬಲಿಲ್ಲ.

ಸ್ಕೂಲಿನಿಂದ ಬಂದ ಮಗಳು ಖಾಲಿ ಪೆಟ್ಟಿಗೆ ನೋಡಿ ನನ್ನ ಮುಖ ನೋಡಿದಳು. "ಮರ್ ಗಯೀ?" ಎಂದು ಮೆಲ್ಲಗೆ ಕೇಳಿದಳು. ನಾವು ಏನೂ ಹೇಳದಿದ್ದರೂ ಅವಳು ಎಲ್ಲವನ್ನೂ ತಿಳಿದೇ ಇದ್ದಳು. ಸಂಜೆ ಫ್ಲ್ಯಾಟಿನ ಹಿಂದಿನ ಬೇವಿನ ಮರದ ಬುಡದಲ್ಲಿ ಗಂಡ ಗುಂಡಿ ತೋಡಿದರು. ಸಣ್ಣ ಗುಂಡಿಯೇ ಸಾಕಾಯಿತು.

ಮರುದಿನ ಗಂಡ ಸಿಟ್ಟಿನಲ್ಲಿ ಇಂದಿರಾಪುರಂನವನಿಗೆ ಫೋನ್ ಮಾಡಿದರು. ಅತ್ತಲಿನ ಗಂಟೆಯಂಥ ದನಿ ನನಗೂ ಕೇಳುತ್ತಿತ್ತು. "ಐಸಾ ಹೋ ಜಾತಾ ಹೈ, ಭಾಯಿಸಾಬ್. ಇಂಥವಕ್ಕೆ ಹೀಗಾಗೋದು ಇದ್ದದ್ದೇ. ಮುಂದಿನ ತಿಂಗಳು ಹೊಸ ಮರಿಗಳಿವೆ. ನಿಮಗೇ ಮೊದಲು ತೋರಿಸ್ತೀನಿ." ಗಂಡ ಫೋನಿಟ್ಟರು. ಆಗ ಮಗಳು ಹೇಳಿದಳು: ಮರಿಯ ತಾಯಿ ಆ ಮನೆಯ ಬಾಲ್ಕನಿಯಲ್ಲಿ ಪಂಜರದಲ್ಲಿತ್ತು, ತೂರಾಡುತ್ತಿತ್ತು, ಅದನ್ನು ನೋಡಿ ನಗು ಬಂದಿತ್ತು ತನಗೆ, ಎಂದು.

ಅದಾದ ಮೇಲೆ ಮಾವನವರ ಗಡಿಯಾರದಲ್ಲಿ ಅಲಾರಂ ಇಡುವುದನ್ನು ನಾನೇ ವಹಿಸಿಕೊಂಡೆ. ಪಕ್ಕದಲ್ಲಿ ಕೂತರೆ ತಿನ್ನುತ್ತಿದ್ದರು, ಎದ್ದು ಹೋದರೆ ಬಿಸ್ಕತ್ತು ತಟ್ಟೆಯಲ್ಲೇ ಉಳಿಯುತ್ತಿತ್ತು. ಮಳೆಗಾಲದಲ್ಲಿ ಡಯಾಲಿಸಿಸ್ ಶುರುವಾಯಿತು. ಮುಂದಿನ ಚಳಿಗಾಲವನ್ನು ಅವರು ನೋಡಲಿಲ್ಲ.

ಕೆಲವು ವರ್ಷಗಳ ನಂತರ ನಮ್ಮ ಮೇಲಿನ ಮಹಡಿಗೆ ಬಂದ ಸಂಸಾರ ಅಂಥದೇ ಒಂದು ಮರಿ ತಂದಿತು. ನಾನೂ ಮಗಳೂ ಹೋಗಿ ನೋಡಿದೆವು. ಹೊಟ್ಟೆ ಖಾಲಿ ಬಿಡಬೇಡಿ, ಬೆಚ್ಚಗಿಡಿ, ಜೇನುತುಪ್ಪ ಕೈಗೆಟಕುವಂತೆ ಇಟ್ಟುಕೊಳ್ಳಿ, ಎಚ್ಚರವಿಲ್ಲದಾಗ ಬಾಯಿಗೆ ಏನೂ ಹುಯ್ಯಬೇಡಿ, ತುಂಬ ತಿಂದೂ ತೂರಾಡಿದರೆ ಲಿವರ್ ಪರೀಕ್ಷೆ ಮಾಡಿಸಿ, ಎಂದೆಲ್ಲ ಆ ಮನೆಯ ಹೆಂಗಸಿಗೆ ಹೇಳಿದೆ. ಅವರು ನಗುತ್ತ, "ಅರೇ ಆಂಟಿ, ಇಷ್ಟೊಂದು ಟೆನ್ಷನ್ ಯಾಕೆ? ಮಾರಿದವರು ಎರಡೇ ಹೊತ್ತು ಸಾಕು ಅಂದಿದ್ದಾರೆ," ಎಂದರು. ಮರಿಯನ್ನು ಎತ್ತಿ ಮಗಳ ಕಡೆ ಚಾಚಿದರು.

ಮಗಳು ಬಾಗಿಲಲ್ಲೇ ನಿಂತಿದ್ದಳು. ಈಗ ನನ್ನ ಭುಜದಷ್ಟು ಎತ್ತರವಾಗಿದ್ದಳು. ಕೈ ಚಾಚಲಿಲ್ಲ.

"ಚಲೋ ಅಮ್ಮಾ," ಅಂದಳು. "ನನಗೆ ಓದೋದಿದೆ."